ಮಲಗಿಸಿ ಹಾಕಿದ ಗುರುತು

ಶಾಯಿ ಇನ್ನೂ ಆರಿಲ್ಲ, ಹೊಕ್ಕುಳ ಬಲಕ್ಕೆ ತಣ್ಣಗೆ ನೇರಳೆ ಕತ್ತರಿ ಗುರುತು, ಠಸ್ಸೆ ಹೊಡೆದ ಹಾಗೆ ಹೊಡೆದು ಹೋದರು ಡಾಕ್ಟರು, ನೋಡಿ ಮಾವಶಿ, ಇಲ್ಲಿಂದ ಸಣ್ಣ ಕರುಳಿನ ತುದಿ ಹೊರಗೆ ತರ್ತೀವಿ, ಮಲ ಬೀಳೋಕೆ ಅದಕ್ಕೊಂದು ಚೀಲ, ದೊಡ್ಡ ಕರುಳು ಪೂರ್ತಿ ತೆಗೆದ್ರೆ ರಕ್ತ ಹೋಗೋದು ನಿಲ್ಲುತ್ತೆ — ತೆಗೆಯಲಿ, ಬಿಸಾಡಲಿ, ಆ ಹುಣ್ಣು ಹಿಡಿದ ಕರುಳಿನ ಜೊತೆ ಬಾಳಿ ಸಾಕಾಗಿದೆ, ಬಂದರಿನಲ್ಲಿ ಹರಾಜು ಕೂಗುತ್ತಿರುವಾಗಲೇ ಬುಟ್ಟಿ ಬಿಟ್ಟು ಕಕ್ಕಸಿಗೆ ಓಡುವುದು, ಬಂಗಡೆ ಕಾಗೆಗಳ ಪಾಲು, ವಾಪಸು ಬಂದರೆ ನಾದಿನಿ ಯಮುನಿ ಸೊಂಟಕ್ಕೆ ಕೈಯಿಟ್ಟು, ವಹಿನೀ, ಕೋಕಮ್ ಸಾರು ಕುಡಿ ಅಂದ್ರೆ ಎಲ್ಲಿ ಕೇಳ್ತೀಯ ನೀನು, ಕುಡಿದೆನಲ್ಲೇ ಮಾರಾಯ್ತಿ, ಇಸಬ್‌ಗೋಲೂ ನುಂಗಿದೆ, ಮುಖ ಊದಿಸುವ ಮಾತ್ರೆಯನ್ನೂ ನುಂಗಿದೆ, ಏಕವೀರೆಗೆ ಹರಕೆ ಹೊತ್ತು ಗುಡ್ಡ ಹತ್ತುವಾಗ ಅರ್ಧದಲ್ಲೇ ಪೊದೆ ಹುಡುಕಿದೆ, ಅಷ್ಟೂ ಆಯಿತು, ಕೊಯ್ಯುವುದಕ್ಕೆ ಹೆದರುವವಳಲ್ಲ ನಾನು, ಜೀವನವೆಲ್ಲ ಮಾಡಿದ್ದೇ ಅದು, ಆದರೆ ಈ ಗುರುತು, ಮಲಗಿಸಿ ಹಾಕಿದರಲ್ಲ, ಡಾಕ್ಟರೇ ಒಂದು ಸಲ ಕೂತು ತೋರಿಸ್ತೀನಿ ಅಂದರೆ, ಅಲ್ಲಾಡಬೇಡಿ ಮಾವಶಿ, ಇನ್ಮುಂದೆ ಕುರ್ಚಿ ಮೇಲೆ ಕೂತು ಮೀನು ಮಾರಿ — ಕುರ್ಚಿಯಂತೆ, ಇವರಪ್ಪ ಕೂತಿದ್ದನೇನೋ ಕುರ್ಚಿ ಹಾಕಿಕೊಂಡು ಪಾಂಫ್ರೆಟ್ ಕೊಯ್ಯಲು, ಈಳಿಗೆಮಣೆಯನ್ನು ಎಡಗಾಲಲ್ಲಿ ಅದುಮಿ, ಬಲ ಮೊಣಕಾಲು ಎದೆಗೆ ತಂದು ಕೂರಬೇಕು, ಆ ಮೊಣಕಾಲು ಒತ್ತುವುದೇ ಇಲ್ಲಿ, ಚೀಲ ಅಪ್ಪಚ್ಚಿ, ಗಿರಾಕಿಗಳ ಎದುರಿಗೆ ಸೋರಿದರೆ ಆಮೇಲೆ ನನ್ನ ಕೈಯ ಮೀನು ಯಾರು ಮುಟ್ಟುತ್ತಾರೆ, ಬದುಕಿ ಏನು ಮಾಡಲಿ, ಇಳಿದೆ, ಮಂಚದಿಂದ ಇಳಿದೇಬಿಟ್ಟೆ, ಗಂಡನಿಗೆ ಗಾಬರಿ, ಏ ಏನೇ ಇದು, ಈಗ ಕರೀತಾರೆ ಆಪರೇಷನ್‌ಗೆ, ಕರೆಯಲಿ, ನಿಮ್ಮ ಚಪ್ಪಲಿ ಕೊಡಿ ಇಲ್ಲಿ, ಇದೇ ಮಣೆ, ಎಡಗಾಲು ಇಟ್ಟೆ, ಬಲ ಮೊಣಕಾಲು ಎತ್ತಿದೆ, ನೋಡಿದರೆ ಗುರುತೇ ಇಲ್ಲ, ಹೊಟ್ಟೆಯ ಮಡಿಕೆ ನುಂಗಿಬಿಟ್ಟಿದೆ, ಮಡಿಕೆಯೊಳಗೆ ಚೀಲ ಅಂಟುವುದಾದರೂ ಹೇಗೆ, ಗಾಲಿಮಂಚ ತಳ್ಳಿಕೊಂಡು ನರ್ಸು ಬಂದಳು, ಏಳಿ ಮಾವಶಿ ಹೊತ್ತಾಯ್ತು, ಗುರುತು ಸರಿಯಿಲ್ಲ ಅಂದೆ, ಡಾಕ್ಟರು ಹಾಕಿದ ಮೇಲೆ ಸರಿಯಾಗೇ ಇರುತ್ತೆ, ಹೌದಾ, ಎಲ್ಲಿದೆ ತೋರಿಸು ತಾಯಿ, ಬಗ್ಗಿದಳು, ನಗುತ್ತಲೇ ಬಗ್ಗಿದಳು, ಬೆರಳಿನಿಂದ ಹುಡುಕಿದಳು, ನಗು ನಿಂತಿತು, ಗಂಡನ ಮುಖ ನೋಡಿದಳು, ಅವರ ಮುಖ ಯಾಕೆ ನೋಡುತ್ತೀ, ಹೋಗು, ಡಾಕ್ಟರನ್ನು ಕರೆದು ತಾ, ಪೆನ್ನೂ ತರಲಿ, ಅಲ್ಲಿಯವರೆಗೆ ಏಳುವುದಿಲ್ಲ, ನೆಲ ತಣ್ಣಗಿದೆ, ಇರಲಿ, ಕಾಲು ಇಳಿಸಿದರೆ ನೇರಳೆ ಗುರುತು, ಎತ್ತಿದರೆ ಮಡಿಕೆ, ಇಳಿಸಿದರೆ ಗುರುತು, ಎತ್ತಿದರೆ — ಬರೀ ಮಡಿಕೆ