ಅಕ್ಕನ ಅಳತೆ

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ಮಾಸ್ಟರ್ ಅಲ್ಲ, ಬಟ್ಟೆ ಹೊಲಿಯುವ ಮಾಸ್ಟರ್. ಮೂವತ್ತೈದು ವರ್ಷಗಳಿಂದ ಅದೇ ಅಂಗಡಿ, ಅದೇ ಮಿಷನ್ನು, ಕೊರಳಲ್ಲಿ ಸದಾ ಒಂದು ಟೇಪು. ಟೇಪು ಇರುತ್ತಿತ್ತು ನಿಜ, ಆದರೆ ಅದನ್ನು ಬಿಚ್ಚುತ್ತಿದ್ದದ್ದು ಗಿರಾಕಿಗಳ ಸಮಾಧಾನಕ್ಕೆ. ರಸ್ತೆಯ ಆಚೆ ಬದಿಯಿಂದ ಹೊರಟ ಮನುಷ್ಯ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ ಎಷ್ಟು, ಸೊಂಟ ಎಷ್ಟು, ಎಡಭುಜ ಬಲಕ್ಕಿಂತ ಎಷ್ಟು ಇಳಿದಿದೆ ಎಂಬುದೆಲ್ಲ ಮಾಸ್ಟರಿಗೆ ಗೊತ್ತಾಗಿಬಿಟ್ಟಿರುತ್ತಿತ್ತು. ಆ ಕಣ್ಣಳತೆಯ ಬಗ್ಗೆ ಅವನಿಗೆ ಜಂಬ. ಇರಲಿ ಬಿಡಿ, ಯಾವುದಾದರೊಂದು ವಿಷಯದಲ್ಲಿ ಜಂಬವಿಲ್ಲದ ಗಂಡಸು ಎಲ್ಲಿದ್ದಾನೆ?

ಇಂಥ ಮಾಸ್ಟರ್ ಐವತ್ತೆಂಟನೇ ವಯಸ್ಸಿನಲ್ಲಿ ಕತ್ತರಿ ಬದಿಗಿಟ್ಟು ಗರಗಸ ಹಿಡಿದದ್ದು ಅಕ್ಕನಿಗಾಗಿ.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ಎಂಟು. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸ ಹಿಡಿದು ಅವನನ್ನು ಸಾಕಿದಳು, ಓದಿಸಿದಳು, ಓದು ತಲೆಗೆ ಹತ್ತುವುದಿಲ್ಲ ಎಂದು ಗೊತ್ತಾದ ದಿನ ಕಿವಿ ಹಿಂಡಿ ಹೊಲಿಗೆ ಮಿಷನ್ನಿನ ಮುಂದೆ ಕೂರಿಸಿದಳು. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, "ಒಬ್ಬನ್ನ ಸಾಕಿ ಸಾಕಾಗಿದೆ, ಇನ್ನೊಬ್ಬ ಯಾಕೆ?" ಎನ್ನುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ನಿಂತರೆ ವಾಕರ್ ಹಿಡಿದು ಚೆನ್ನಾಗಿಯೇ ನಡೆಯುತ್ತಿದ್ದಳು. ತೊಂದರೆಯೆಲ್ಲ ನಿಲ್ಲುವುದರಲ್ಲೇ. ಮನೆಯ ಸೋಫಾ ತಗ್ಗು, ಕೂತರೆ ಹೂತುಹೋಗುವಂಥದ್ದು. ಪ್ಲಾಸ್ಟಿಕ್ ಕುರ್ಚಿ ಕೈ ಊರಿದರೆ ಹಿಂದಕ್ಕೆ ಜಾರುತ್ತಿತ್ತು. ಹಾಗಾಗಿ ದಿನಕ್ಕೆ ಹತ್ತು ಸಲ ಯಾರಾದರೂ ಅವಳ ಕಂಕುಳಿಗೆ ಕೈ ಹಾಕಿ ಎತ್ತಬೇಕು. ಮಾಸ್ಟರ್ ಅಂಗಡಿಯಲ್ಲಿದ್ದಾಗ ಆ ಕೆಲಸ ಅವನ ಹೆಂಡತಿಯ ಪಾಲಿಗೆ.

"ನಾನೇನು ಹಿಟ್ಟಿನ ಮೂಟೆನಾ, ಎತ್ತೋಕೆ ಇಳಿಸೋಕೆ?" ಎಂದು ಅಕ್ಕ ಪ್ರತಿ ಸಲವೂ ಬೈಯುತ್ತಿದ್ದಳು.

"ಹಿಟ್ಟಿನ ಮೂಟೆ ಆಗಿದ್ರೆ ಒಳ್ಳೇದಿತ್ತು ಅತ್ತಿಗೆ, ಅದು ಬಾಯಿ ಮುಚ್ಕೊಂಡಿರತ್ತೆ," ಎಂದು ಹೆಂಡತಿ ನಗಿಸುತ್ತಿದ್ದಳು.

ಒಂದು ಬೆಳಗ್ಗೆ ಹಾಗೆ ಎತ್ತುವಾಗ ಹೆಂಡತಿಯ ಬೆನ್ನು ಚಳಕ್ಕೆಂದಿತು. ಇಬ್ಬರೂ ಸೋಫಾದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. ಹೆಂಡತಿ ನಾಲ್ಕು ದಿನ ಹಾಸಿಗೆ ಹಿಡಿದಳು. ಬಿದ್ದ ಮಾರನೇ ದಿನ ಅಕ್ಕ ತಾನೇ ಫೋನ್ ಮಾಡಿ, ಊರಾಚೆಯ ವೃದ್ಧಾಶ್ರಮವೊಂದರಲ್ಲಿ ತನಗೊಂದು ಮಂಚ ಗೊತ್ತು ಮಾಡಿಕೊಂಡಳು. ಸಂಜೆ ಮಾಸ್ಟರ್ ಚಪ್ಪಲಿ ಬಿಡುತ್ತಿದ್ದಂತೆ ವಿಷಯ ಹೇಳಿದಳು.

"ಬರೋ ಸೋಮವಾರ ಅಲ್ಲ, ಅದರಾಚೆ ಸೋಮವಾರ. ಬೆಳಗ್ಗೆ ಹತ್ತಕ್ಕೆ ಗಾಡಿ ಬರತ್ತೆ."

ಮಾಸ್ಟರ್ ಒಂದೇ ಚಪ್ಪಲಿಯಲ್ಲಿ ಒಳಗೆ ಬಂದ. "ಅಕ್ಕ, ಏನು ಮಾತು ಇದು? ಜನ ಏನಂತಾರೆ?"

"ಜನ ಬಂದು ಎತ್ತುತ್ತಾರಾ? ಅಲ್ಲಿ ಎತ್ತೋಕೇ ಅಂತ ಜನ ಇದಾರೆ, ಅದು ಅವರ ಕೆಲಸ. ನಿನ್ನ ಹೆಂಡತಿ ಬೆನ್ನು ಮುರೀಲಿ ಅಂತ ನಿನಗೆ ಮದುವೆ ಮಾಡ್ಸಿದ್ನಾ ನಾನು?"

"ನಾನು ಅಂಗಡಿ ಮುಚ್ಚಿ ಮನೇಲೇ ಇರ್ತೀನಿ."

"ಇದ್ದು? ನನ್ನನ್ನ ನೋಡ್ಕೊಂಡು ಕೂತಿರ್ತೀಯಾ? ಸುಮ್ನಿರೋ. ಎದ್ದು ನಿಲ್ಲೋಕೆ ಇನ್ನೊಬ್ಬರ ಕೈ ಬೇಡ ಅನ್ನೋ ದಿನ ಬಂದ್ರೆ ಉಳ್ಕೋತೀನಿ. ಇಲ್ದಿದ್ರೆ ಹೋಗ್ತೀನಿ. ಮುಗೀತು."

ಅಕ್ಕ ಮುಗೀತು ಎಂದರೆ ಮುಗಿದಂತೆಯೇ. ಐವತ್ತು ವರ್ಷದಲ್ಲಿ ಆ ಮಾತು ಒಮ್ಮೆಯೂ ಹುಸಿಯಾಗಿರಲಿಲ್ಲ.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ನರ್ಸಮ್ಮನನ್ನು ಮಾಸ್ಟರ್ ಗೇಟಿನ ಹತ್ತಿರ ಹಿಡಿದು ಕೇಳಿದ. ಅವಳು, "ಕಾಲಲ್ಲಿ ಶಕ್ತಿ ಇದೆ. ಕುರ್ಚಿ ಸರಿ ಇಲ್ಲ ಅಷ್ಟೇ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಮಂಡಿಗಿಂತ ಒಂಚೂರು ಮೇಲಿರಬೇಕು, ಕೈ ಊರೋಕೆ ಎರಡೂ ಕಡೆ ಗಟ್ಟಿ ಆಧಾರ ಬೇಕು. ಅಂಥದ್ದು ಸಿಕ್ಕಿದ್ರೆ ತಾವೇ ಏಳ್ತಾರೆ," ಎಂದಳು.

ಅಂಥದ್ದು ಎಲ್ಲಿ ಸಿಗಬೇಕು? ಅಂಗಡಿಗಳಲ್ಲಿ ಇದ್ದವೆಲ್ಲ ಒಂದೇ ಎತ್ತರದವು. ಆಸ್ಪತ್ರೆ ಸಾಮಾನಿನ ಅಂಗಡಿಯಿಂದ ಒಂದು ಎತ್ತರದ ಕುರ್ಚಿ ತಂದರೆ ಅಕ್ಕ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

"ಅದರ ಮಧ್ಯೆ ತೂತು ಇದೆ. ಅದರ ಮೇಲೆ ಕೂತು ಬಂದವರ ಹತ್ರ ಕ್ಷೇಮ ಸಮಾಚಾರ ವಿಚಾರಿಸ್ಲಾ?"

"ಮೇಲೆ ದಿಂಬು ಹಾಕಿ ಮುಚ್ಚಿಬಿಡ್ತೀನಿ ಅಕ್ಕ."

"ಮುಚ್ಚಿದ್ರೆ ಬಂದವರಿಗೆ ಗೊತ್ತಾಗಲ್ಲ. ನನಗೆ ಗೊತ್ತಿರಲ್ವೇನೋ?"

ಕೊನೆಗೆ ಮಾಸ್ಟರ್ ಅಂಗಡಿಯ ಹಿಂದಿನ ಓಣಿಯಲ್ಲಿದ್ದ ಬಡಗಿಯ ಹತ್ತಿರ ಹೋದ. ಬಡಗಿಗೆ ಒಂದು ದೊಡ್ಡ ಕಟ್ಟಡದ ಬಾಗಿಲುಗಳ ಕೆಲಸ. ಮೂರು ವಾರ ಉಸಿರಾಡಲೂ ಪುರಸೊತ್ತಿಲ್ಲ ಎಂದ. ಮಾಸ್ಟರನ ಮುಖ ಸಪ್ಪಗಾದದ್ದು ನೋಡಿ, "ನೀವೇ ಯಾಕೆ ಮಾಡ್ಬಾರ್ದು ಮಾಸ್ಟರ್? ಮರ ಕೊಡ್ತೀನಿ, ಹತ್ಯಾರ ಕೊಡ್ತೀನಿ, ಕೂರೋಕೆ ಮೂಲೆ ಕೊಡ್ತೀನಿ. ಬೈಗುಳ ಪುಕ್ಕಟೆ," ಎಂದ.

ಹಾಗೆ ಶುರುವಾಯಿತು. ಹಳೆಯ ಬಾಗಿಲ ಚೌಕಟ್ಟಿನಿಂದ ಬಿಚ್ಚಿದ ಗಟ್ಟಿ ಮರ. ಮಾಸ್ಟರ್ ಕಿವಿಯ ಸಂದಿಯಿಂದ ತನ್ನ ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ತೆಗೆದು ಗೆರೆ ಎಳೆದ, ಗರಗಸ ಹಾಕಿದ. ಕತ್ತರಿ ಅವನ ಮಾತು ಕೇಳುತ್ತಿತ್ತು, ಗರಗಸ ಕೇಳಲಿಲ್ಲ. ಗೆರೆ ಒಂದು ಕಡೆ, ಕೊಯ್ತ ಇನ್ನೊಂದು ಕಡೆ. ಎರಡು ದಿನದಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದು ಸೂಜಿ ಹಿಡಿಯಲೂ ಆಗದ ಹಾಗಾಯಿತು. ಆದರೂ ಮನುಷ್ಯ ಬಿಡಲಿಲ್ಲ. ಬಟ್ಟೆಗೆ ನೇಯ್ಗೆ ಇದ್ದ ಹಾಗೆ ಮರಕ್ಕೂ ಎಳೆ ಇದೆ, ಎಳೆಯ ಜೊತೆ ಹೋದರೆ ಉಳಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತದೆ, ಎದುರು ಹೋದರೆ ಸಿಬಿರು ಎಬ್ಬಿಸಿ ಮರ್ಯಾದೆ ತೆಗೆಯುತ್ತದೆ ಎಂಬುದನ್ನು ಮೂರನೇ ದಿನಕ್ಕೆ ತಾನಾಗಿ ಕಂಡುಕೊಂಡ. ಆಗ ಅವನಿಗಾದ ಖುಷಿಗೆ ಬಡಗಿಗೂ ಒಂದು ಲೋಟ ಟೀ ಸಿಕ್ಕಿತು.

ನಾಲ್ಕನೇ ದಿನ ತುಂಡುಗಳನ್ನೆಲ್ಲ ಜೋಡಿಸಿಟ್ಟು ನೋಡಿದರೆ ಒಂದೊಂದೂ ಬರೆದಿಟ್ಟದ್ದಕ್ಕಿಂತ ಒಂದು ಇಂಚು ಹೆಚ್ಚು. ಬಡಗಿ ಅಳೆದು ನೋಡಿ, "ಇದೇನು ಮಾಸ್ಟರ್?" ಎಂದ.

"ಹೊಲಿಗೆಗೆ ಬಿಟ್ಟಿದ್ದು. ಆಚೆ ಅರ್ಧ, ಈಚೆ ಅರ್ಧ."

ಬಡಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ನನ್ನಪ್ಪಾ! ಮರಾನ ಎಲ್ಲಿ ಮಡಚಿ ಹೊಲೀತೀರಿ?"

ಮಾಸ್ಟರ್ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಒಂದೊಂದು ಇಂಚು ಕೊಯ್ದ. ಕೊಯ್ಯುತ್ತಿರುವಾಗ ಬಡಗಿ ಕೇಳಿದ, "ಅದಿರಲಿ, ಅಕ್ಕನ ಅಳತೆ ಸರಿಯಾಗಿ ತಗೊಂಡಿದೀರಾ? ಮಂಡಿಯಿಂದ ನೆಲಕ್ಕೆ ಎಷ್ಟು?"

"ನನ್ನ ಅಕ್ಕನ ಅಳತೆ ತಗೋಬೇಕಾ ನಾನು? ಐವತ್ತು ವರ್ಷದಿಂದ ನೋಡ್ತಾ ಇದೀನಿ."

"ನೋಡಿ ಮತ್ತೆ. ಅಂಟು ಮಾತ್ರ ಈಗ್ಲೇ ಹಾಕ್ಬೇಡಿ. ಸ್ಕ್ರೂ ಹಾಕಿ ಕೂರಿಸಿ ನೋಡಿ, ಆಮೇಲೆ ಅಂಟು."

ಶನಿವಾರ ಮಧ್ಯಾಹ್ನ ಕುರ್ಚಿ ಆಟೋದಲ್ಲಿ ಮನೆಗೆ ಬಂತು. ಅಗಲವಾದ ಕೂರುಮಣೆ, ದಪ್ಪ ಕೈಗಳು, ನೇರ ಬೆನ್ನು. ನಾಲ್ಕೂ ಕಾಲು ನೆಲ ಕಚ್ಚಿ ನಿಂತಿದ್ದವು, ಹೊಸಬನಿಗೆ ಅದು ಸಣ್ಣ ಸಾಧನೆಯಲ್ಲ. ಹೆಂಡತಿ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಬಂದು ನೋಡಿ, "ರೀ, ನೀವೇ ಮಾಡಿದ್ದಾ ನಿಜವಾಗ್ಲೂ?" ಎಂದಳು. ಮಾಸ್ಟರ್ ಅಕ್ಕನನ್ನು ಎತ್ತಿ ಅದರ ಮೇಲೆ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

ಅಕ್ಕನ ಪಾದಗಳು ನೆಲಕ್ಕೆ ತಾಗಿರಲಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲೆ ತೂಗಾಡುತ್ತಿದ್ದವು. ಕುರ್ಚಿಯ ಎರಡು ಕೈಗಳ ಮೇಲೂ ಒಟ್ಟಿಗೆ ಕೈ ಇಡಲು ಹೋದರೆ ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ತೋಳು ಚಾಚಬೇಕು. ಬೆನ್ನಿಗೂ ಕುರ್ಚಿಗೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಹೆಂಡತಿಗೆ ನಗು ಬಂತು. ಗಂಡನ ಮುಖ ನೋಡಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

"ಯಾರಿಗೆ ಮಾಡಿದ್ದೋ ಇದು?" ಎಂದಳು ಅಕ್ಕ. ಗದರಿಸುವ ದನಿಯಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಊರಿನವರ ಮೈಯೆಲ್ಲ ದೂರದಿಂದಲೇ ಅಳೆಯುವ ಕಣ್ಣು ಮನೆಯಲ್ಲೇ ಮೂರೂವರೆ ಇಂಚು ತಪ್ಪಿತ್ತು. ಮಾಸ್ಟರ್ ಕೊರಳಿನ ಟೇಪು ತೆಗೆದು, ಅಕ್ಕನ ಮುಂದೆ ಮಂಡಿಯೂರಿ ಕೂತ. ಮಂಡಿಯಿಂದ ಹಿಮ್ಮಡಿಗೆ ಹಿಡಿದ. ಅಷ್ಟೇನಾ? ಇನ್ನೊಮ್ಮೆ ಹಿಡಿದ. ಅಷ್ಟೇ. ತೊಡೆಯ ಉದ್ದ, ಮೊಣಕೈಯ ಎತ್ತರ, ಕೊನೆಗೆ ಸೊಂಟದ ಅಗಲ. ಸೊಂಟದ ಹತ್ತಿರ ಬೆರಳಿಗೆ ಏನೋ ದಪ್ಪಗೆ ತಾಗಿತು.

ಅಕ್ಕ ತೊಟ್ಟಿದ್ದದ್ದು ಅವನೇ ಹೊಲಿದ ಗೌನು. ಅವಳು ಎಂದೂ ಅಳತೆ ಕೊಟ್ಟವಳಲ್ಲ. "ಹೋದ ಸಲದ್ದೇ ಇದೆಯಲ್ಲ, ಹಾಗೇ ಹೊಲಿ," ಎನ್ನುತ್ತಿದ್ದಳು, ಅವನು ಹಾಗೇ ಹೊಲಿಯುತ್ತಿದ್ದ. ಈಗ ಪಕ್ಕದ ಹೊಲಿಗೆಯನ್ನು ತುಸು ಮಡಚಿ ನೋಡಿದ. ಒಳಗೆ ಮೂರು ಬೆರಳಗಲ ಬಟ್ಟೆ ಹಿಡಿದು ಕೈಯಲ್ಲಿ ಹೊಲಿಗೆ ಹಾಕಿತ್ತು. ಸಣ್ಣ ಸಣ್ಣ, ಒಂದೇ ಸಮನಾದ ಹೊಲಿಗೆ. ಗುಂಡಿ ಹಚ್ಚಿ ಹಚ್ಚಿ ಪಳಗಿದ ಕೈಯದ್ದು. ಇನ್ನೊಂದು ಪಕ್ಕದಲ್ಲೂ ಅಷ್ಟೇ.

"ಇದು ಯಾವಾಗಿಂದ ಅಕ್ಕ?"

"ಯಾವುದು?"

"ನಾಟಕ ಮಾಡ್ಬೇಡ. ಒಳಗೆ ಹಿಡಿದಿರೋದು."

ಅಕ್ಕ ಗೌನಿನ ಪಕ್ಕವನ್ನು ಎಳೆದು ಸರಿಮಾಡಿಕೊಂಡಳು. "ಆರೇಳು ವರ್ಷ ಆಯ್ತು. ವಯಸ್ಸಾದ್ಮೇಲೆ ಮೈ ಇಳಿಯತ್ತೆ ಕಣೋ. ನೀನು ಹೊಲಿದು ತಂದಿದ್ದೆಲ್ಲ ದೊಗಳೆ ಆಗ್ತಿತ್ತು."

"ಹೇಳ್ಬಾರ್ದಿತ್ತಾ? ನಾನು ದರ್ಜಿ ಅಕ್ಕ! ಊರಿಗೆಲ್ಲ ಅಳತೆ ಸರಿ ಮಾಡಿ ಕೊಡ್ತೀನಿ. ನನ್ನ ಮನೇಲಿ..."

"ತಂದು ಕೊಟ್ಟು ಬಾಗಿಲಲ್ಲೇ ನಿಂತಿರ್ತಿದ್ದೆ ನೀನು. ಮೊದಲನೇ ಅಂಗಿ ಹೊಲಿದಾಗ ನಿಂತಿದ್ಯಲ್ಲ, ಅದೇ ಮುಖ. ಹೇಗೆ ಹೇಳ್ಲಿ?" ಅಕ್ಕ ಅವನ ತಲೆಯ ಮೇಲೆ ಕೈ ಇಟ್ಟಳು. "ಜೊತೆಗೆ, ನಿಜ ಹೇಳ್ತೀನಿ, ನಿನ್ನ ಕಣ್ಣಿಗಾದ್ರೂ ನಾನು ದೊಡ್ಡೋಳಾಗೇ ಇದೀನಲ್ಲ ಅಂತ ನನಗೂ ಹಿತವಾಗಿತ್ತು."

ಮಾಸ್ಟರಿಗೆ ಅಳು ಒತ್ತರಿಸಿ ಬಂತು. ಅವನು ಕುರ್ಚಿ ಮಾಡಿದ್ದು ಚಿಕ್ಕಂದಿನಲ್ಲಿ ತನ್ನನ್ನು ಒಂದೇ ಕೈಯಲ್ಲಿ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದ ಹೆಂಗಸಿಗೆ. ಅವಳು ಯಾವಾಗಲೋ ಸಣ್ಣಗಾಗಿದ್ದಳು. ದಿನಾ ಎದುರಿಗೇ ಇದ್ದವಳನ್ನು ತಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ ಎನಿಸಿ ಅವನಿಗೆ ನಾಚಿಕೆಯಾಯಿತು. ಅಳತೆಗಳನ್ನು ಒಂದೊಂದಾಗಿ, ಎರಡೆರಡು ಸಲ ನೋಡಿ ಚೀಟಿಯಲ್ಲಿ ಬರೆದುಕೊಂಡ. ಅಕ್ಕ ಪಕ್ಕದಿಂದ ಇಣುಕಿ, "ಹೊಲಿಗೆಗೆ ಬಿಡ್ಬೇಡ," ಎಂದಳು. ಬಡಗಿಯ ಓಣಿಯ ಸುದ್ದಿ ಅವಳಿಗೆ ಹೇಗೆ ತಲುಪಿತ್ತೋ!

ಭಾನುವಾರ ಬಡಗಿ ರಜಾ ಬಿಟ್ಟು ಬಂದು ತನ್ನ ಕೆಲಸದ ಕೊಟ್ಟಿಗೆಯ ಬೀಗ ತೆಗೆದ. ಅಂಟು ಹಾಕದೆ ಇದ್ದದ್ದು ಪುಣ್ಯ. ಇಡೀ ಕುರ್ಚಿಯನ್ನು ಬಿಚ್ಚಿ, ಅಡ್ಡಪಟ್ಟಿಗಳನ್ನು ಗಿಡ್ಡ ಮಾಡಿ, ಕಾಲು ಕೊಯ್ದು, ಕೈಗಳನ್ನು ಮುಂದಕ್ಕೆ ಚಾಚುವಂತೆ ಕೂರಿಸಿದರು. ಬಡಗಿ ಅವತ್ತು ಒಂದೇ ಒಂದು ತಮಾಷೆಯನ್ನೂ ಮಾಡಲಿಲ್ಲ. ಸೋಮವಾರ ಬೆಳಗ್ಗೆ ಕೊನೆಯ ಸ್ಯಾಂಡ್ ಪೇಪರ್ ತಿಕ್ಕಿ ಮನೆಗೆ ತರುವಾಗ ಒಂಬತ್ತೂವರೆ.

ಅಕ್ಕ ತಲೆ ಬಾಚಿ, ಹೊರಡುವ ಬಟ್ಟೆ ತೊಟ್ಟು ಸಿದ್ಧಳಾಗಿದ್ದಳು. ಕೂರಿಸಿದ. ಪಾದಗಳು ನೆಲದ ಮೇಲೆ ಪೂರ್ತಿ ಊರಿದವು. ಮೊಣಕೈಗಳು ಕುರ್ಚಿಯ ಕೈಗಳ ಮೇಲೆ ಬಂದು ಕೂತವು.

"ಏಳು ಅಕ್ಕ."

ಅಕ್ಕ ಕೈ ಊರಿ ಒತ್ತಿದಳು. ಏಳಲಾಗಲಿಲ್ಲ. ಮತ್ತೆ ಒತ್ತಿದಳು. ಅರ್ಧ ಎದ್ದು, ನಡುಗಿ, ಧೊಪ್ಪನೆ ಕೂತಳು. ಮಾಸ್ಟರ್ ಹಾರಿ ಬಂದು ಕಂಕುಳಿಗೆ ಕೈ ಹಾಕಿದ.

"ಮುಟ್ಟಿದ್ರೆ ನೋಡು!" ಎಂದು ಅಕ್ಕ ಗದರಿದಳು. "ದೂರ ಹೋಗಿ ನಿಂತ್ಕೋ."

ಅವನು ಗೋಡೆಗೆ ಒರಗಿ ನಿಂತ. ಕೈಗಳು ತಾವಾಗಿ ಮುಂದೆ ಹೋಗುತ್ತಿದ್ದವು, ಬೆನ್ನ ಹಿಂದೆ ಕಟ್ಟಿಕೊಂಡ. ಗರಗಸ ಹಿಡಿಯುವುದು ಇದಕ್ಕಿಂತ ಎಷ್ಟೋ ಸುಲಭವಿತ್ತು. ಅಕ್ಕ ಉಸಿರು ಸುಧಾರಿಸಿಕೊಳ್ಳುತ್ತಿದ್ದಳು. ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಬಾಗಿಲ ಗಂಟೆ ಹೊಡೆಯಿತು. ಒಳಗಿನಿಂದ ಹೆಂಡತಿ ಬಂದು ನಡುಮನೆಯಲ್ಲೇ ನಿಂತುಬಿಟ್ಟಳು. ಗಂಟೆ ಮತ್ತೆ ಹೊಡೆಯಿತು, ಈ ಸಲ ಬಿಡದೆ.

ಮಾಸ್ಟರ್ ಭಾರವಾದ ಹೆಜ್ಜೆಯಿಟ್ಟು ಬಾಗಿಲ ಕಡೆ ಹೊರಟ.

"ನೀನು ಇರು," ಎಂದಳು ಅಕ್ಕ. "ನಾನು ತೆಗೀತೀನಿ. ಏನು ಅವಸರವೋ ಇವನಿಗೆ, ಗಂಟೆ ಕಿತ್ತುಕೊಂಡು ಹೋಗ್ತಾನೇನೋ!"

ಪಾದಗಳನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡಳು. ಮುಂದಕ್ಕೆ ಬಾಗಿದಳು. ಕುರ್ಚಿಯ ಕೈಗಳ ಮೇಲೆ ಬೆರಳ ಗೆಣ್ಣುಗಳು ಬೆಳ್ಳಗಾದವು, ಮರ ಒಮ್ಮೆ ಕಿರ್ರೆಂದಿತು. ಮಾಸ್ಟರ್ ಕಣ್ಣು ಮುಚ್ಚಿಕೊಂಡ. ತೆರೆದಾಗ ಅಕ್ಕ ನಿಂತಿದ್ದಳು. ಅವನ ಭುಜದಷ್ಟು ಎತ್ತರದ ಒಬ್ಬ ಪುಟ್ಟ ಹೆಂಗಸು, ತಾನೇ ಎದ್ದು, ವಾಕರ್ ಹಿಡಿದು, ಬಾಗಿಲ ಕಡೆ ನಡೆಯುತ್ತಿದ್ದಳು. ಚಿಲಕ ತೆಗೆದಳು.

ಹೊರಗೆ ಗಾಡಿಯವನು ಚೀಟಿ ಹಿಡಿದು ನಿಂತಿದ್ದ. "ಒಬ್ಬರು ಅಜ್ಜಿನ ಕರ್ಕೊಂಡು ಹೋಗ್ಬೇಕಿತ್ತಮ್ಮ. ಎದ್ದು ಓಡಾಡೋಕೆ ಆಗಲ್ಲ ಅಂತ ಬರೆದಿದಾರೆ. ಎಲ್ಲಿದಾರೆ?"

"ಅಂಥೋರು ಈ ಮನೇಲಿ ಯಾರೂ ಇಲ್ಲಪ್ಪ," ಎಂದಳು ಅಕ್ಕ. "ಅಷ್ಟು ದೂರ ಬಂದಿದೀಯ. ಒಳಗೆ ಬಾ, ಟೀ ಕುಡ್ಕೊಂಡು ಹೋಗು."