ಚುಕ್ಕಿ ಇಲ್ಲದ ಸಾಲುಗಳು

ಹದಿನಾಲ್ಕನೆಯ ಹಾಳೆಯ ಅಂಚಿನ ತೂತುಪಟ್ಟಿಯನ್ನು ಹರಿಯುತ್ತಿದ್ದ ಜಾಹೀದಾಳ ಕೈ ಅರ್ಧಕ್ಕೇ ನಿಂತಿತು. ಪ್ರಿಂಟರು ಕಿರುಗುಡುತ್ತ ಮುಂದಿನ ಹಾಳೆ ಹೊರಗೆ ತಳ್ಳುತ್ತಿತ್ತು.

'ಕೇಳು: ಈ ಆಜ್ಞೆ ಕೊಟ್ಟರೆ ಯಂತ್ರವು ಉತ್ತರಕ್ಕಾಗಿ ಕಾದು ನಿಲ್ಲುತ್ತದೆ.' ಇದು ಅಲ್ಲಿ ಇರಬೇಕಾದದ್ದೇ. ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: 'ನಿನ್ನೆ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಉಂಡೆಯಾ ಎಂದು ಕೂಡ.'

ಅವಳು ಹಿಂದಿನ ಹಾಳೆಗಳನ್ನು ತಿರುವಿದಳು. ಒಂಬತ್ತನೆಯದರಲ್ಲಿ, 'ಅಳಿಸು' ಎಂಬ ಆಜ್ಞೆಯ ಕೆಳಗೆ: 'ಹಬ್ಬಕ್ಕೆಂದು ಹಸಿರು ಬಳೆ ತೊಟ್ಟಿದ್ದೆ. ಸಂಜೆಗೆ ತೆಗೆದೆ.' ಆರನೆಯದರಲ್ಲಿ ಮತ್ತೊಂದು. ಎಲ್ಲವೂ ಅವಳವೇ ಸಾಲುಗಳು.

'ಪಾಟಿ' ಎಂಬುದು ಪ್ರಭುಲಿಂಗಪ್ಪ ಸರ್ ಶಾಲೆಯ ಮಕ್ಕಳಿಗಾಗಿ ಕಟ್ಟುತ್ತಿದ್ದ ಪುಟ್ಟ ಕಂಪ್ಯೂಟರ್ ಭಾಷೆ. ಅದರ ಆಜ್ಞೆಗಳೆಲ್ಲ ಕನ್ನಡದವು. ರಾಣೆಬೆನ್ನೂರಿನ ಬೀಜದಂಗಡಿಯೊಂದರ ಮಾಳಿಗೆಯ ಮೇಲೆ ಎರಡು ಕಂಪ್ಯೂಟರು, ಒಂದು ಪ್ರಿಂಟರು, ಸರ್ ಮತ್ತು ಜಾಹೀದಾ, ಇಷ್ಟೇ ಅವರ ಕೇಂದ್ರ. ಭಾಷೆಯ ಕೈಪಿಡಿಯನ್ನು ಬೇರೆ ಕುಳಿತು ಬರೆಯುವ ಪದ್ಧತಿ ಇರಲಿಲ್ಲ. ಭಾಷೆಯ ಮೂಲ ಕಡತಗಳಲ್ಲೇ, ಪ್ರತಿ ಆಜ್ಞೆಯ ನೆತ್ತಿಯ ಮೇಲೆ, ಅದರ ವಿವರಣೆಯನ್ನು ಹೆಚ್ಚಾಗಿ ಜಾಹೀದಾ, ಕೆಲವೊಮ್ಮೆ ಸರ್ ಬರೆದಿಡುತ್ತಿದ್ದರು. ಚುಕ್ಕಿ ಗುರುತಿನಿಂದ ಶುರುವಾದ ಸಾಲು ಪುಸ್ತಕಕ್ಕೆ. ಚುಕ್ಕಿ ಇಲ್ಲದ್ದು ಬರೆದವರ ಸ್ವಂತ ಟಿಪ್ಪಣಿ, ಕಡತದಲ್ಲೇ ಉಳಿಯತಕ್ಕದ್ದು. ಸರ್ ಮಾಡಿದ 'ಆಯುವ ಪ್ರೋಗ್ರಾಮು' ಕಡತಗಳನ್ನೆಲ್ಲ ಹೊಕ್ಕು ಚುಕ್ಕಿಯ ಸಾಲುಗಳನ್ನಷ್ಟೇ ಆಯ್ದು ಪುಸ್ತಕ ಜೋಡಿಸಿ ಕೊಡುತ್ತಿತ್ತು.

ಎರಡು ವರ್ಷದಿಂದ ಆ ಚುಕ್ಕಿ ಇಲ್ಲದ ಸಾಲುಗಳೇ ಅವಳಿಗೆ ಮಾತಾಡುವ ಜಾಗವಾಗಿದ್ದವು. ಮೂವತ್ತೇಳು ದಾಟಿದ್ದಳು. ತಲಾಖಾಗಿ ಬಂದು ಅಣ್ಣ ಚಾಂದಸಾಬನ ಮನೆಯ ನಡುಮನೆಯಲ್ಲಿ ಒಂದು ಮಗ್ಗುಲು ಹಿಡಿದು ಹತ್ತು ವರ್ಷವಾಗಿತ್ತು. ಅತ್ತಿಗೆ ಮುಮ್ತಾಜಬಿ ಬೈಯುವವಳಲ್ಲ; ಬೈದಿದ್ದರೆ ಅದಾದರೂ ಒಂದು ಮಾತಾಗುತ್ತಿತ್ತು.

ಹತ್ತು ಗಂಟೆಗೆ ಸರ್ ಬಂದರು.

"ಸರ, ಆಯೂ ಪ್ರೋಗ್ರಾಮು ಬದಲ ಮಾಡೀರೇನ್ರಿ?"

"ಹೂಂರಿ, ನಿನ್ನೆ ನೀವು ಹೋದಮ್ಯಾಲೆ ಮಾಡಿದೆ. ನಾನು ಬರದ ಕಡೆ ಎಲ್ಲಾ ಚುಕ್ಕಿ ಇಡೂದು ಮರ್ತು, ಎಷ್ಟೋ ಆಜ್ಞೆಗೆ ವಿವರಣೆನ ಬರ್ತಿರಲಿಲ್ಲ. ಚುಕ್ಕಿ ಇರಲಿ ಬಿಡಲಿ, ಕಂಡದ್ದೆಲ್ಲಾ ಆಯ್ಕೊಂಡು ಬಾ ಅಂದೆ." ಅವರು ನಕ್ಕರು. "ಮದಲನೇ ಪ್ರತಿ ಆಗಿಂದಾಗ ತಗದು, ಮುಂಜಾನೆ ನಮ್ಮೂರಾಗ ಹಾಲೇಶಪ್ಪ ಮಾಸ್ತರಿಗೆ ಕೊಟ್ಟ ಬಂದೇನಿ. ಅದರಾಗಿನ ಕನ್ನಡ ಹುಡುಗ್ರಿಗೆ ತಿಳೀತೈತೋ ಇಲ್ಲೋ ನೋಡಿ ಹೇಳ್ತಾರ."

"ನೀವು ಓದಿದ್ರೇನ್ರಿ?"

"ಬರದೋರು ನೀವು, ತಪ್ಪು ಹುಡುಕೋರು ಮಾಸ್ತರು. ನಡುವ ನಾ ಯಾಕ ಓದ್ಲಿ?"

ಸರ್ ಊರು ಬ್ಯಾಡಗಿ. ಮುಮ್ತಾಜಬಿಯ ತವರೂ ಬ್ಯಾಡಗಿಯೇ. ಮಾಸ್ತರು ಕಟ್ಟೆಯ ಮೇಲೆ ಕೂತು ನಾಲ್ಕು ಜನಕ್ಕೆ ಓದಿ ನಕ್ಕರೂ ಸಾಕು, ಸಂತೆಯ ದಿನದೊಳಗೆ ಮಾತು ಅಣ್ಣನ ಹೊಸ್ತಿಲಿಗೆ ಬರುತ್ತದೆ. ಉಣ್ಣಿಸಿ ಇಟ್ಟುಕೊಂಡವರ ಮನೆಯನ್ನು ಅಚ್ಚು ಹಾಕಿಸಿ ಹಂಚಿದವಳಿಗೆ ಆ ಮಗ್ಗುಲೂ ಉಳಿಯಲಾರದು.

"ಎರಡು ಹಾಳಿ ತಪ್ಪು ಬಂದಾವ್ರಿ ಸರ. ನಾನ ಹೋಗಿ ಬದಲ ಮಾಡಿ ಬರ್ತೇನಿ," ಎಂದು ಬ್ಯಾಗು ಹೆಗಲಿಗೇರಿಸಿದಳು.

ಬಸ್ಸು ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನ ಮಗ್ಗುಲಿಗೆ ಬರುತ್ತಲೇ ಒಳಗಿದ್ದವರೆಲ್ಲ ಸೆರಗು, ಟವೆಲು ಮೂಗಿಗೆ ಒತ್ತಿಕೊಂಡರು. ಮಾಸ್ತರ ಮನೆಯ ಪಡಸಾಲೆಯಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ಕಂಬಕ್ಕೊರಗಿ ಕೂತ ಮುದುಕಿಯ ತೊಡೆಯ ಮೇಲೆ ಆ ಪ್ರತಿ ತೆರೆದುಕೊಂಡಿತ್ತು, ಕೈಯಲ್ಲಿ ಪೆನ್ಸಿಲು.

"ನಾನು ರಾಣೆಬೆನ್ನೂರಿಂದ ಬಂದೇನ್ರಿ ಅವ್ವಾರ. ಪುಸ್ತಕದ್ದು..."

"ಯಾರ ಅದು, ಉಚ್ಚಂಗಿ?" ಒಳಕೋಣೆಯಿಂದ ಗಂಡು ದನಿ ಬಂತು.

"ಪುಸ್ತಕ ಬರದ ಅಕ್ಕಾರು ಬಂದಾರ. ನೀವು ಮಲಗ್ರಿ, ಕಣ್ಣಿನ ಪಟ್ಟಿ ಮುಟ್ಟಬ್ಯಾಡ್ರಿ!" ಎಂದು ಆ ಮುದುಕಿ, ಮಾಸ್ತರ ಹೆಂಡತಿ ಉಚ್ಚಂಗೆವ್ವ, ಕೂಗಿ ದನಿ ಇಳಿಸಿದಳು. "ಪೊರಿ ತಗಿಸಿ ಹನ್ನೊಂದು ದಿನ ಆತು. ಓದಾಕ ಬರೂದಿಲ್ಲ. ಹಂಗಂತ ನಮ್ಮ ಪ್ರಭುಲಿಂಗಪ್ಪನ ಮುಂದ ಒಪ್ಗೊಂಡಾರೇನು? ನಾ ಓದಿ ಹೇಳ್ತೇನಿ, ಅವರು ತಪ್ಪು ಹಿಡೀತಾರ. ನಾನೂ ಮುಲ್ಕಿ ಪರೀಕ್ಷಾ ಪಾಸ್ ಆದಾಕಿ ಮತ್ತ. ಕುಂದ್ರು ಬಾ ತಂಗಿ."

ಜಾಹೀದಾ ಕೂರಲಿಲ್ಲ. "ಎಲ್ಲಿತನಕ ಓದಿ ಹೇಳೀರಿ?"

"ಎಲ್ಲಾ ಮುಗೀತು." ಮುದುಕಿ ಹಾಳೆ ತಿರುವಿ ಬೆರಳಿಟ್ಟು ತೋರಿಸಿದಳು. ಬಳೆಯ ಸಾಲಿನ ಪಕ್ಕ ಪೆನ್ಸಿಲಿನ ಸಣ್ಣ ಗೀರಿತ್ತು. ಮುಂದಿನದಕ್ಕೂ, ಅದರ ಮುಂದಿನದಕ್ಕೂ. "ಇವನ್ನ ಅವರಿಗೆ ಓದಲಿಲ್ಲ. 'ಯಾಕ ನಿಂತಿ, ಓದು' ಅಂದ್ರು. ಕೆಮ್ಮು ಬಂತು ಅಂದೆ. ಬ್ಯಾಡಗಿಯಾಗ ಕೆಮ್ಮಿಗೇನು ಬರ? ನಂಬಿದ್ರು."

ಜಾಹೀದಾ ಬ್ಯಾಗು ಕೆಳಗಿಟ್ಟಳು. ಕೂತಳು.

"ಬಳಿ ಯಾಕ ತಗದಿ?" ಉಚ್ಚಂಗೆವ್ವ ಕೇಳಿದಳು, ಕಾಯಿಯ ತೊಟ್ಟು ಮುರಿಯುತ್ತ.

ಹತ್ತು ವರ್ಷದಲ್ಲಿ ಯಾಕೆ ಎಂದು ಯಾರಾದರೂ ಕೇಳಿದ್ದು ಇದೇ ಮೊದಲು. ಹೇಳುವ ರೂಢಿಯೇ ತಪ್ಪಿಹೋಗಿತ್ತು. ಮುದುಕಿ ಎರಡನೆಯ ಸಲ ಕೇಳಲಿಲ್ಲ. ಎದ್ದು ಒಳಗೆ ಹೋಗಿ, ರೊಟ್ಟಿ, ಪುಂಡಿಪಲ್ಲೆ, ಒಂದು ಗಡ್ಡೆ ಬೆಣ್ಣೆ ಇಟ್ಟ ತಾಟು ತಂದು ಮುಂದಿಟ್ಟಳು.

"ಉಂಡ್ಯಾ ಅಂತ ಕೇಳೂದಿಲ್ಲ. ಕೇಳಿದ್ರ ಉಂಡೇನಿ ಅಂತಿ."

ಜಾಹೀದಾ ರೊಟ್ಟಿ ಮುರಿದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಮೆಣಸಿನಕಾಯಿ ನೆಪವಾಯಿತು. ಉಂಡು ಏಳುವಾಗ ಮುದುಕಿ ಪ್ರತಿಯನ್ನು ಅವಳ ಬ್ಯಾಗಿಗೆ ತುರುಕಿದಳು. "ಒಯ್ದು ಒಲಿಗೆ ಹಾಕು. ಮಂದಿ ಕೈಯಾಗ ಸಿಗಬಾರದು." ಬಾಗಿಲ ತನಕ ಬಂದು, ಬೇರೆ ಯಾವುದೋ ಮಾತೆಂಬಂತೆ, "ಎರಡನೇ ಭಾಗ ಯಾವಾಗಂತ? ಎರಡನೇ ಕಣ್ಣಿನ ಪೊರೀನೂ ತಗಸೂದೈತಿ ಇವರದು. ಅದನ್ನೂ ನಾನ ಓದಾಕಿ," ಎಂದಳು.

ಸಂಜೆಯೊಳಗೆ ಜಾಹೀದಾ ಸರ್ ಬರೆದಿದ್ದ ವಿವರಣೆಗಳಿಗೆಲ್ಲ ಚುಕ್ಕಿ ಇಟ್ಟು, ಆಯುವ ಪ್ರೋಗ್ರಾಮನ್ನು ಮೊದಲಿನಂತೆ ತಿದ್ದಿದಳು. 'ಪಾಟಿ' ಕಲಿಸಲಿದ್ದ ಹಾವೇರಿಯ ಶಾಲೆಗೆ ಹೋದ ಪ್ರತಿಯಲ್ಲಿ ಆಜ್ಞೆಗಳಷ್ಟೇ ಇದ್ದವು. ಕಂಡದ್ದೆಲ್ಲ ಆಯ್ದು ತರುವ ಆ ಒಂದು ದಿನದ ಪ್ರೋಗ್ರಾಮನ್ನು ಅಳಿಸಲು ಹೋಗಿ, ಯಾಕೋ, ಬೇರೆ ಹೆಸರು ಕೊಟ್ಟು ಒಂದು ಫ್ಲಾಪಿಯಲ್ಲಿ ಇಟ್ಟಳು.

ಎರಡನೇ ಭಾಗ ಸಿದ್ಧವಾದಾಗ ಯುಗಾದಿ ಕಳೆದಿತ್ತು.

"ಎರಡು ಪ್ರತಿ ತಗೀರಿ," ಎಂದರು ಸರ್. "ಹಾವೇರಿಗೊಂದು, ಮಾಸ್ತರಿಗೊಂದು. ಐದೂವರಿ ಗಾಡಿಗೆ ನಾನ ಒಯ್ತೇನಿ."

ಮೊದಲನೆಯದು ಬಂತು. ಅಂಚು ಹರಿದು, ಜೋಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಸ್ವಲ್ಪ ಹೊತ್ತು ಕೀಲಿಮಣೆಯ ಮೇಲೆ ಕೈಯಿಟ್ಟು ಕೂತಳು. ಸರ್ ಕಿಟಕಿಯ ಹತ್ತಿರ ಪೇಪರು ಓದುತ್ತಿದ್ದರು. ಅವಳು ಡ್ರಾಯರಿನಿಂದ ಆ ಫ್ಲಾಪಿ ತೆಗೆದು ಕಂಪ್ಯೂಟರಿಗೆ ಹಾಕಿದಳು. ಪ್ರಿಂಟರು ಮತ್ತೆ ಕಿರುಗುಟ್ಟತೊಡಗಿತು.

"ಇದ್ಯಾಕ ದಪ್ಪ ಆತು?" ಪೇಪರು ಮಡಚಿ ಬಂದ ಸರ್ ಎರಡು ಪ್ರತಿಗಳನ್ನೂ ಎತ್ತಿ ತೂಗಿ ನೋಡಿದರು.

"ಮಾಸ್ತರಿಗೆ ಸಾಲಿನ ನಡುವ ಜಾಗ ಜಾಸ್ತಿ ಬಿಟ್ಟೇನ್ರಿ ಸರ. ಕಣ್ಣಿಗೆ ಹಗುರಾಗ್ಲಿ ಅಂತ."

ಸರ್ ತಲೆಯಾಡಿಸಿ ಚಪ್ಪಲಿ ಮೆಟ್ಟಲು ಹೋದರು. ಜಾಹೀದಾ ದಬ್ಬಳಕ್ಕೆ ಬಿಳಿ ದಾರ ಪೋಣಿಸಿ, ಬ್ಯಾಡಗಿಯ ಪ್ರತಿಯ ಬೆನ್ನಿಗೆ ಒಂದೊಂದೇ ಹೊಲಿಗೆ ಹಾಕಿದಳು. ಕೊನೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಗಿದಳು.