ಅಣ್ಣನ ದೋಣಿಗೆ ಬಿದ್ದ ಮೊಹರು

ದೋಣಿಕಟ್ಟೆಯ ತಪಾಸಣೆಗಾರ್ತಿಯ ಬೆರಳಿಗೂ ಕಣ್ಣಿದೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಹೊರಗಿನಿಂದ ಬಂದ ಯಾವ ದೋಣಿಯೂ ಅವಳು ತಡವಿ ನೋಡದೆ ಸರೋವರಕ್ಕೆ ಇಳಿಯುವಂತಿರಲಿಲ್ಲ. ತಳ ನುಣ್ಣಗಿದ್ದರೆ ಸರಿ. ಉಪ್ಪುಕಾಗದದ ಹಾಗೆ ತರಿತರಿಯಾಗಿದ್ದರೆ ಎಳೆಯ ಕಪ್ಪೆಚಿಪ್ಪುಗಳು ಅಂಟಿಕೊಂಡಿವೆ ಎಂದೇ ಲೆಕ್ಕ. ಎಲ್ಲಿಂದಲೋ ಬಂದ ಆ ಪಟ್ಟೆಪಟ್ಟೆಯ ಕಪ್ಪೆಚಿಪ್ಪು ಬೆಟ್ಟದಾಚೆಯ ಸರೋವರವನ್ನು ಆಗಲೇ ನುಂಗಿತ್ತು. ಅಲ್ಲಿನ ಪಂಪ್‌ಹೌಸಿನಲ್ಲಿ ಅವಳು ಎರಡು ವರ್ಷ ಕುಡಿಯುವ ನೀರಿನ ಕೊಳವೆಗಳಿಂದ ಸಲಿಕೆಗಟ್ಟಲೆ ಚಿಪ್ಪು ಕೆರೆದು ಬಂದವಳು.

ಒಂದು ಭಾನುವಾರ ಲಾರಿಯ ಮೇಲೆ ನೀಲಿ ದೋಣಿಯೊಂದು ಬಂತು. ಪಕ್ಕದಲ್ಲಿ ಅವಳ ಅಣ್ಣ. ದಡದಿಂದ ದಡಕ್ಕೆ ಜನರನ್ನು ದಾಟಿಸುವುದೇ ಅವನ ಕಸುಬು. ಹಳೆಯ ದೋಣಿಯ ತಳ ಹೋಗಿದ್ದರಿಂದ ಬೆಟ್ಟದಾಚೆಯಿಂದ ಇದನ್ನು ಕೊಂಡು ತಂದಿದ್ದ.

"ನಾಳೆ ಶಾಲೆ ಶುರು. ಆಚೆ ದಡದ ಮಕ್ಕಳು ಕಾಯ್ತಿರ್ತಾರೆ. ಬೇಗ ಅನುಮತಿ ಚೀಟಿ ಬರಿ."

"ಮೊದಲು ನೋಡ್ತೀನಣ್ಣ."

ತಳ ಬೆಣ್ಣೆಯಷ್ಟು ನುಣುಪಾಗಿತ್ತು. ಅಣ್ಣ ಮೀಸೆಯಲ್ಲೇ ನಕ್ಕ. ಅವಳು ಎಂಜಿನ್ನಿಗೆ ನೀರು ಹೋಗುವ ತೂತಿನೊಳಗೆ ಬೆರಳು ತೂರಿಸಿದಳು. ಉಗುರಿನಷ್ಟಗಲದ ಮೂರು ಚಿಪ್ಪುಗಳು ಕೈಗೆ ಬಂದವು. ಒಳಗೆ ಹಲಗೆಯ ಕೆಳಗೆ ಒಂದು ಕೊಡದಷ್ಟು ನೀರೂ ನಿಂತಿತ್ತು.

"ಮೂರು ಚಿಪ್ಪಿಗೆ ಇಷ್ಟು ರಂಪಾನಾ?"

"ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ. ನಿಂತ ನೀರಲ್ಲಿ ಮರಿ ಇದ್ರೆ ಕಣ್ಣಿಗೂ ಕಾಣಲ್ಲ."

ಕುದಿಯುವಂಥ ನೀರಿನಲ್ಲಿ ತೊಳೆದು, ಮೂವತ್ತು ದಿನ ಒಣಗಿಸಬೇಕೆಂಬುದು ನಿಯಮ. ತೊಳೆಸಿದಳು, ದೋಣಿಗೆ ತಂತಿ ಬಿಗಿದು ಮೊಹರು ಹಾಕಿದಳು, ಅಣ್ಣನ ಮನೆಯಂಗಳದಲ್ಲೇ ಒಣಗಲಿ ಎಂದಳು.

"ಒಡಹುಟ್ಟಿದವಳು ಅಂತ ನಂಬಿ ಬಂದೆನಲ್ಲ, ನನ್ನ ಬುದ್ಧಿಗೆ ಮಣ್ಣು ಹಾಕ!" ಎಂದು ಅಣ್ಣ ಲಾರಿ ಹತ್ತಿದ. ದೋಣಿ ತಡೆದ ಚೀಟಿಯ ಮೇಲೆ ಅವಳ ಸಹಿ ಸೊಟ್ಟಗಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ತಪಾಸಣೆ ಕೋಣೆಗೆ ಬಂದು, ತರಕಾರಿ ಚೀಲದಿಂದ ಹಿತ್ತಾಳೆಯ ಬಿರಡೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಮೊಹರು ಕಿತ್ತಾಯ್ತು. ಇವತ್ತು ನಿಮ್ಮಣ್ಣ ಕಟ್ಟೆಗೆ ಬಾರದೆ ಹಿಂದಿನ ದಂಡೆಯಿಂದ ದೋಣಿ ಇಳಿಸ್ತಾರಂತೆ. ದೋಣಿಯ ತಳದಲ್ಲಿ ನೀರು ಬಸಿಯೋ ತೂತಿನ ಬಿರಡೆ ಇದು. ಹೇಗೆ ತೇಲಿಸ್ತಾರೋ ನಾನೂ ನೋಡ್ತೀನಿ."

"ಅಣ್ಣಂಗೆ ಗೊತ್ತಾದ್ರೆ?"

"ಗೊತ್ತಾಗಲಿ. ನನ್ನ ತವರು ಬೆಟ್ಟದಾಚೆ. ಅಲ್ಲಿನ ನಲ್ಲಿ ನೀರು ಮೂಗು ಮುಚ್ಕೊಂಡು ಕುಡಿದವಳು ನಾನು."

ತಪಾಸಣೆಗಾರ್ತಿ ಆ ಬಿರಡೆಯನ್ನು ಕೈಗೆತ್ತಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಅಣ್ಣ ಶಿಕ್ಷೆಯಿಂದ ಉಳಿಯುತ್ತಿದ್ದ. ಎದ್ದು ಹೋಗಿ ಮೇಲಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದೇ ಉಸಿರಿನಲ್ಲಿ, ಸುಮ್ಮನೆ ಕಟ್ಟಿಹಾಕಿದ್ದ ಕಚೇರಿಯ ಗಸ್ತಿನ ದೋಣಿಯನ್ನು ಮಕ್ಕಳಿಗಾಗಿ ಒಂದು ತಿಂಗಳು ಬಿಡಿ, ಅಣ್ಣನೇ ನಡೆಸಲಿ ಎಂದೂ ಕೇಳಿದಳು. ಮೇಲಧಿಕಾರಿ ಗೊಣಗಿದರು, ಕೊನೆಗೆ ಅಣ್ಣನಿಗೆ ಬರೆದ ಎಚ್ಚರಿಕೆ ಪತ್ರಕ್ಕೂ ಗಸ್ತಿನ ದೋಣಿಯ ಪರವಾನಗಿಗೂ ಒಟ್ಟಿಗೇ ಸಹಿ ಹಾಕಿದರು.

ಅಣ್ಣ ಎರಡೂ ಕಾಗದಗಳನ್ನು ಓದಿ ಜೇಬಿಗಿಟ್ಟ. ಹೊಸ ಮೊಹರು ಹಾಕುವಾಗ ಅಡ್ಡ ಬರಲಿಲ್ಲ. ಮರುದಿನದಿಂದ ಆಮೆಗಿಂತ ನಿಧಾನವಾದ ಆ ಗಸ್ತಿನ ದೋಣಿಯಲ್ಲಿ ಮಕ್ಕಳನ್ನು ದಾಟಿಸಿದ. ತಂಗಿಯ ಜೊತೆ ಮಾತು ಬಿಟ್ಟ. ಹೇಳಬೇಕಾದದ್ದನ್ನು ಅವಳೆದುರಿಗೇ ಹೆಂಡತಿಗೆ ಹೇಳುತ್ತಿದ್ದ.

ಗಡುವು ಮುಗಿದ ಮೇಲೆ ಅವಳು ಎಂಜಿನ್ನು ಬಿಚ್ಚಿಸಿದಳು. ಒಳಗಿನ ಕೊಳವೆಯನ್ನು ತಟ್ಟಿದರೆ ಒಣಗಿ ಸತ್ತ ಚಿಪ್ಪುಗಳು ಬೊಗಸೆ ತುಂಬ ಸುರಿದವು. ಅಣ್ಣ ಬಗ್ಗಿ ಒಂದನ್ನು ಹೆಕ್ಕಿ, ಈ ಸಲ ತಂಗಿಯನ್ನೇ ಕೇಳಿದ.

"ಇಷ್ಟೂ ಒಳಗಿತ್ತಾ?"

"ಇಷ್ಟೂ."

ಅವಳು ಚೀಟಿ ಬರೆದುಕೊಟ್ಟಳು. ನೀಲಿ ದೋಣಿ ನೀರಿಗಿಳಿದು, ಶಾಲೆ ಬಿಟ್ಟ ಮಕ್ಕಳು ಹತ್ತಿದಾಗ ಎಡಕ್ಕೆ ಸ್ವಲ್ಪ ವಾಲಿತು. ಅಣ್ಣ ಮಕ್ಕಳ ಚೀಲಗಳನ್ನೆಲ್ಲ ಬಲಕ್ಕೆ ಸರಿಸಿ ಎಂಜಿನ್ನು ಚಾಲೂ ಮಾಡಿದ.